ದಾಕ್ಷಿಣ್ಯದಿಂದ ಕೊಟ್ಟದ್ದು ದತ್ತವೇ?

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ತನಗೆ ಕೊಡದಿರುವ ವಸ್ತುವನ್ನು ತೆಗೆದುಕೊಳ್ಳಲಾಗದು ಎಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಆಗಿದೆ. ‘ಅದತ್ತಾದಾನ’ವೇ ಸ್ತೇಯವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ನಲವತ್ತು ವರ್ಷಗಳ ಹಿಂದೆ ಪಾಠಶಾಲೆಯಲ್ಲಿ ಈ ಸೂತ್ರವನ್ನು ಕಂಠಪಾಠ ಮಾಡಿದಾಗ ‘ಅದತ್ತ’ ಎಂಬ ಪದದಲ್ಲಿ ನನಗೆ ಯಾವ ಕ್ಲೇಶವೂ ತೋರಿರಲಿಲ್ಲ. ಕೊಟ್ಟದ್ದು ದತ್ತ, ಕೊಡದಿದ್ದದ್ದು ಅದತ್ತ, ಅಷ್ಟೇ. ಈಗ ಅರವತ್ತೇಳರ ವಯಸ್ಸಿನಲ್ಲಿ, ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, ಆ ಮೂರಕ್ಷರದ ಪದವೇ ನನ್ನ ನಿದ್ದೆಯನ್ನು ಕೆಡಿಸಿದೆ. ಕೈ ಕೊಟ್ಟಿದೆ, ಮನಸ್ಸು ಕೊಟ್ಟಿಲ್ಲ. ಆಗ ಅದು ದತ್ತವೋ ಅದತ್ತವೋ? ಈ ಜಿಜ್ಞಾಸೆ ಶಾಸ್ತ್ರಸಭೆಯಲ್ಲಿ ಹುಟ್ಟಿದ್ದಲ್ಲ. ನನ್ನ ಮನೆಯ ನಡುಮನೆಯಲ್ಲಿ, ಅಡುಗೆ ಪಾತ್ರೆಗಳ ಮಧ್ಯದಲ್ಲಿ ಹುಟ್ಟಿದ್ದು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನನ್ನ ಸೊಸೆ ಎರಡು ವರ್ಷಗಳಿಂದ ಒಂದು ‘ನೇರ ಮಾರಾಟ’ದ ಸಂಸ್ಥೆಯ ಸಲಹೆಗಾರ್ತಿ. ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಲ್ಲ. ಇದಕ್ಕೆ ಅಂಗಡಿಯಿಲ್ಲ, ಫಲಕವಿಲ್ಲ. ಪರಿಚಿತರೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಸೇರುತ್ತಾರೆ. ಸಲಹೆಗಾರ್ತಿ ಪಾತ್ರೆಗಳನ್ನು ತಂದು ಅಲ್ಲಿಯೇ ಒಲೆಯ ಮೇಲಿಟ್ಟು ಎಣ್ಣೆ ಕಡಿಮೆ ಹಾಕಿ ಪಲ್ಯ ಮಾಡಿ ತೋರಿಸುತ್ತಾಳೆ. ಮಾಡಿದ್ದನ್ನು ಎಲ್ಲರೂ ಉಣ್ಣುತ್ತಾರೆ. ಒಂದೆರಡು ಆಟ, ಒಂದು ಚಿಕ್ಕ ಬಹುಮಾನ. ಕೊನೆಗೆ ಒಂದು ಹಾಳೆ ಕೈಯಿಂದ ಕೈಗೆ ದಾಟುತ್ತದೆ, ಬೇಕಾದವರು ಬೇಕಾದುದನ್ನು ಬರೆಯುತ್ತಾರೆ. ಮನೆ ಕೊಟ್ಟ ಗೃಹಿಣಿಗೆ ಅಂದಿನ ಮಾರಾಟಕ್ಕೆ ತಕ್ಕಂತೆ ಒಂದು ಪಾತ್ರೆ ಉಡುಗೊರೆ.

ಕಳೆದ ವರ್ಷ ಇಂಥ ಕೂಟವೊಂದು ನಮ್ಮ ಮನೆಯಲ್ಲೇ ನಡೆಯಿತು. ನಾನು ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದವನು ಹತ್ತು ನಿಮಿಷದಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡೆ. ಸತ್ಯವನ್ನೇ ಹೇಳಬೇಕಷ್ಟೆ: ನನಗೆ ಬಹಳ ಸಂತೋಷವಾಯಿತು. ನನ್ನ ಪತ್ನಿ ತೀರಿಕೊಂಡು ಆರು ವರ್ಷವಾಗಿದೆ. ನಮ್ಮ ನಡುಮನೆಯಲ್ಲಿ ಅಷ್ಟು ನಗು ಕೇಳಿ ಆರು ವರ್ಷವಾಗಿತ್ತು. ನಾಲ್ಕು ಮನೆಯಾಚೆಗಿದ್ದೂ ಪರಸ್ಪರ ಮಾತಾಡದಿದ್ದ ಇಬ್ಬರು ನೆರೆಯವರು ಒಂದೇ ಸೌಟು ಹಿಡಿದು ಚರ್ಚೆಗಿಳಿದರು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕೆಂದು ಸೊಸೆ ಮೂರು ಗಂಟೆಗೇ ಕೂಟವನ್ನಿಟ್ಟುಕೊಂಡಿದ್ದಳು. ಈರುಳ್ಳಿ ಬೆಳ್ಳುಳ್ಳಿ ಇರಲಿಲ್ಲ. ನಮ್ಮವರಲ್ಲದ ಹೆಂಗಸರೂ ‘ರುಚಿಯಾಗಿದೆ’ ಎಂದು ಕೇಳಿ ಬಡಿಸಿಕೊಂಡರು. ಇದರಲ್ಲಿ ವ್ರತಭಂಗವೆಲ್ಲಿದೆ?

ಇಲ್ಲ ಎಂದೇ ನನ್ನ ಅಭಿಪ್ರಾಯ. ವಾಣಿಜ್ಯವನ್ನು ಹೀನವೃತ್ತಿಯೆಂದು ನಮ್ಮ ಧರ್ಮ ಎಂದೂ ಹೇಳಿಲ್ಲ. ಕರ್ಮಭೂಮಿಯ ಆದಿಯಲ್ಲಿ ಆದಿದೇವನು ಪ್ರಜೆಗಳಿಗೆ ಉಪದೇಶಿಸಿದ ಅಸಿ, ಮಷಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಅದೂ ಒಂದು. ವಿದ್ಯೆಯಿಂದ ಜೀವಿಸಿದ ನನಗೂ ವಾಣಿಜ್ಯದಿಂದ ಜೀವಿಸುವ ಅವಳಿಗೂ ಅಲ್ಲಿ ಒಂದೇ ಪಂಕ್ತಿ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇಡುತ್ತಾರೆ, ಗಳಿಸಕೂಡದೆಂದು ಹೇಳುವುದಿಲ್ಲ. ಮನೆ ಬಾಗಿಲಿಗೆ ಸರಕು ಬರುವುದೂ ನಮಗೆ ಹೊಸತಲ್ಲ. ನನ್ನ ಬಾಲ್ಯದಲ್ಲಿ ಬಳೆಗಾರನು ಮಲಾರ ಹೊತ್ತು ಬಂದನೆಂದರೆ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲೇ ನೆರೆಯುತ್ತಿದ್ದರು. ಅವನು ಬಳೆಯ ಜೊತೆಗೆ ಮೂರೂರಿನ ಸುದ್ದಿಯನ್ನೂ ತರುತ್ತಿದ್ದನು. ಸೀರೆಯ ಗಂಟಿನವನು ಬಂದಾಗಲೂ ಹೀಗೆಯೇ. ಅದೂ ಕೂಟವೇ, ಅದೂ ಮಾರಾಟವೇ, ಅದೂ ಸಂತೋಷವೇ.

ಆದರೆ ಒಂದು ವ್ಯತ್ಯಾಸವಿದೆ. ಬಳೆಗಾರನಿಗೆ ನನ್ನ ಅಜ್ಜಿ ‘ಈ ಸಲ ಬೇಡಪ್ಪ, ಮುಂದಿನ ಹಬ್ಬಕ್ಕೆ ಬಾ’ ಎನ್ನಬಲ್ಲವಳಾಗಿದ್ದಳು. ಅವನಿಗೆ ನೋವಿಲ್ಲ, ಅವಳಿಗೆ ಸಂಕೋಚವಿಲ್ಲ. ತಂಗಿಯ ಮನೆಗೆ ಹೋಗಿ, ತಂಗಿ ಮಾಡಿದ ಪಲ್ಯವನ್ನುಂಡು, ತಂಗಿ ಹಾಳೆಯನ್ನು ಮುಂದಿಟ್ಟಾಗ ಹಾಗೆನ್ನಲು ಎಷ್ಟು ಮಂದಿಗೆ ಬಾಯಿ ಬರುತ್ತದೆ?

ಈ ಪದ್ಧತಿ ಹುಟ್ಟಿದ ಊರು ನಮ್ಮದಲ್ಲ, ಅಮೆರಿಕೆಯದು. ಅಲ್ಲಿನ ವೃತ್ತಾಂತ ವಿಚಾರಯೋಗ್ಯವಾದುದರಿಂದ ಕೊಂಚ ವಿಸ್ತರಿಸುತ್ತೇನೆ. ಅರ್ಲ್ ಟಪ್ಪರ್ ಎಂಬಾತನು ಎರಡನೆಯ ಮಹಾಯುದ್ಧದ ಬಳಿಕ ಪಾಲಿಥೀನಿನಿಂದ ಹಗುರಾದ ಡಬ್ಬಿಗಳನ್ನು ಮಾಡಿ, ಗಾಳಿಯಾಡದಂತೆ ಕೂರುವ ಮುಚ್ಚಳವನ್ನು ರೂಪಿಸಿದನು. ವಸ್ತು ಉತ್ತಮವಾಗಿತ್ತು, ಅಂಗಡಿಗಳಲ್ಲಿ ಮಾತ್ರ ಬಿಕರಿಯಾಗಲಿಲ್ಲ. ಮುಚ್ಚಳವನ್ನು ಒತ್ತಿ, ಅಂಚನ್ನು ಸ್ವಲ್ಪ ಎತ್ತಿ, ಒಳಗಿನ ಗಾಳಿಯನ್ನು ಹೊರಬಿಟ್ಟು ಮುಚ್ಚುವ ಕ್ರಮವನ್ನು ಯಾರಾದರೂ ತೋರಿಸದ ಹೊರತು ಕೊಂಡವರಿಗೆ ತಿಳಿಯುತ್ತಿರಲಿಲ್ಲ. ಆಗ ಬ್ರೌನಿ ವೈಸ್ ಎಂಬ ಮಹಿಳೆ, ಗಂಡನಿಂದ ಬೇರೆಯಾಗಿ ಒಬ್ಬನೇ ಮಗನನ್ನು ಸಾಕುತ್ತಿದ್ದವಳು, ಈ ಡಬ್ಬಿಗಳನ್ನು ಮನೆಗಳ ಕೂಟದಲ್ಲಿ ಮಾರಿ ತೋರಿಸಿದಳು. ದ್ರವ ತುಂಬಿದ ಬಟ್ಟಲನ್ನು ಮುಚ್ಚಿ ಕೋಣೆಯ ಆಚೆಗೆ ಎಸೆದು, ಒಂದು ತೊಟ್ಟೂ ಚೆಲ್ಲದುದನ್ನು ಎಲ್ಲರೂ ಕಾಣುವಂತೆ ಮಾಡುತ್ತಿದ್ದಳು. 1951ರಲ್ಲಿ ಟಪ್ಪರನು ಅವಳನ್ನು ಮಾರಾಟ ವಿಭಾಗದ ಉಪಾಧ್ಯಕ್ಷೆಯನ್ನಾಗಿ ನೇಮಿಸಿ, ತನ್ನ ಸರಕನ್ನು ಅಂಗಡಿಗಳಿಂದಲೇ ಹಿಂದೆಗೆದುಕೊಂಡನು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಬಂದಿತು. ಆ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಮಹಿಳೆ ಅವಳೇ.

ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದು, ಯುದ್ಧ ಮುಗಿದೊಡನೆ ಮನೆಗೆ ಕಳುಹಿಸಲ್ಪಟ್ಟ ಸಾವಿರಾರು ಹೆಂಗಸರಿಗೆ ಈ ಕೂಟಗಳು ಸ್ವಂತದ ನಾಲ್ಕು ಕಾಸನ್ನೂ, ನಾಲ್ಕು ಮಂದಿಯ ಮುಂದೆ ನಿಂತು ಮಾತಾಡುವ ಧೈರ್ಯವನ್ನೂ ಕೊಟ್ಟವು. ಇದನ್ನು ಅಲ್ಲಗಳೆಯುವವರು ಅನ್ಯಾಯ ಮಾಡಿದಂತಾಗುತ್ತದೆ. ನನ್ನ ಸೊಸೆಯಲ್ಲಿಯೂ ನಾನು ಇದನ್ನೇ ಕಂಡಿದ್ದೇನೆ. ಮದುವೆಯಾಗಿ ಬಂದಾಗ ಅತಿಥಿಗಳ ಮುಂದೆ ತಲೆಯೆತ್ತದಿದ್ದ ಹುಡುಗಿ ಈಗ ನಲವತ್ತು ಮಂದಿಯ ಎದುರು ನಿಂತು ಲೆಕ್ಕ ಒಪ್ಪಿಸುತ್ತಾಳೆ.

ಅದೇ ವೃತ್ತಾಂತದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವೈಸ್ ಪ್ರತಿವರ್ಷ ಫ್ಲಾರಿಡಾದ ಕಿಸಿಮಿಯಲ್ಲಿ ಮಾರಾಟಗಾರ್ತಿಯರ ಮಹಾಮೇಳವನ್ನು ನಡೆಸುತ್ತಿದ್ದಳು. ನೆಲದಲ್ಲಿ ಬಹುಮಾನಗಳನ್ನು ಹೂತಿಟ್ಟು, ಹೆಂಗಸರ ಕೈಗೆ ಸಲಿಕೆ ಕೊಟ್ಟು ಅಗೆಯಲು ಬಿಡುವುದು ಅಲ್ಲಿನ ಒಂದು ವಿನೋದ. ವಜ್ರದುಂಗುರ, ಮಿಂಕ್ ಎಂಬ ಬಡಪ್ರಾಣಿಯ ತುಪ್ಪುಳಿನ ಕೋಟು, ಹೀಗೆ ಸಿಕ್ಕಿದವರಿಗೆ ಸಿಕ್ಕಿದ್ದು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ನಡುವೆ ‘ವಿಸ್ಮಯ’ವನ್ನೂ ಎಣಿಸಿದ್ದಾರೆ, ಪರರ ವೈಭವವನ್ನು ಕಂಡು ಬೆರಗಾಗುವುದೂ ದೋಷವೇ ಎಂದು ಅದರ ತಾತ್ಪರ್ಯ. ಬೆರಗಾಗುವುದು ಅಷ್ಟು ದೊಡ್ಡ ದೋಷವೇ ಎಂದು ನಾನು ಮೊದಲು ಶಂಕಿಸುತ್ತಿದ್ದೆ. ಆ ಸಲಿಕೆಗಳ ವರ್ಣನೆಯನ್ನು ಓದಿದ ಮೇಲೆ ಶಂಕಿಸುವುದಿಲ್ಲ. ಇಷ್ಟೆಲ್ಲ ಕಟ್ಟಿದ ವೈಸ್‌ಳನ್ನು 1958ರ ಜನವರಿಯಲ್ಲಿ ಟಪ್ಪರನು ಕೆಲಸದಿಂದ ತೆಗೆದನು. ಸಂಸ್ಥೆಯಲ್ಲಿ ಅವಳ ಹೆಸರಿನಲ್ಲಿ ಒಂದು ಷೇರೂ ಇರಲಿಲ್ಲ; ದೊರೆತದ್ದು ಒಂದು ವರ್ಷದ ಸಂಬಳದಷ್ಟು ಹಣ. ಅದೇ ವರ್ಷ ಅವನು ಸಂಸ್ಥೆಯನ್ನು 1 ಕೋಟಿ 60 ಲಕ್ಷ ಡಾಲರಿಗೆ ರೆಕ್ಸಾಲ್ ಎಂಬ ಕಂಪೆನಿಗೆ ಮಾರಿದನು. ಆ ಡಬ್ಬಿಗಳು ಭಾರತಕ್ಕೆ ಬಂದದ್ದು 1996ರಲ್ಲಿ. 2024ರ ಸೆಪ್ಟೆಂಬರಿನಲ್ಲಿ ಸಾಲದ ಹೊರೆ ತಾಳಲಾರದೆ ಮೂಲ ಸಂಸ್ಥೆಯು ಅಮೆರಿಕೆಯ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು. ಆ ಡಬ್ಬಿಯ ವಿಷಯ ಬಂದುದರಿಂದ ಪ್ರಾಸಂಗಿಕವಾಗಿ ಒಂದು ಮಾತು: ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಮುಚ್ಚಳ ಎಷ್ಟೇ ಬಿಗಿಯಾಗಿ ಕೂತರೂ ಆ ಎಣಿಕೆ ಬದಲಾಗುವುದಿಲ್ಲ. ‘ತಿಂಗಳು ಇಟ್ಟರೂ ಕೆಡದು’ ಎಂಬ ಮಾರಾಟದ ಮಾತನ್ನು ವ್ರತಿಕರು ತಮ್ಮ ಅಡುಗೆಮನೆಗೆ ಅನ್ವಯಿಸಿಕೊಳ್ಳಬಾರದು.

ಪ್ರಕೃತಕ್ಕೆ ಬರೋಣ. ಕೂಟದಲ್ಲಿ ಮಾರುವುದು ಡಬ್ಬಿಯೋ ಸ್ನೇಹವೋ ಎಂಬ ಪ್ರಶ್ನೆಯನ್ನು ಅಮೆರಿಕೆಯ ವಿದ್ವಾಂಸರೇ ಎತ್ತಿದ್ದಾರೆ. ರಾಬರ್ಟ್ ಚಿಯಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಗೃಹಕೂಟಗಳನ್ನು ವಿಶದವಾಗಿ ಪರಿಶೀಲಿಸಿದರು. ಅವರ ಅಭಿಪ್ರಾಯದಲ್ಲಿ ಕೊಳ್ಳುವಂತೆ ಕೋರುವವಳು ಎದುರಿಗೆ ನಿಂತ ಮಾರಾಟಗಾರ್ತಿಯಲ್ಲ, ಮೂಲೆಯಲ್ಲಿ ನಗುತ್ತ ತಿಂಡಿ ಬಡಿಸುತ್ತಿರುವ ಗೆಳತಿ. 1990ರಲ್ಲಿ ಫ್ರೆಂಜನ್ ಮತ್ತು ಡೇವಿಸ್ ಎಂಬಿಬ್ಬರು ಇಂಥ ಕೂಟಗಳಲ್ಲಿ ಕೊಳ್ಳುವವರ ವರ್ತನೆಯನ್ನು ಅಭ್ಯಸಿಸಿ, ವಸ್ತುವಿನ ಮೇಲಿನ ಇಷ್ಟಕ್ಕಿಂತ ಗೃಹಿಣಿಯೊಡನಿರುವ ಬಾಂಧವ್ಯವೇ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. ಅವರು ಇದಕ್ಕೆ ದೊಡ್ಡ ದೊಡ್ಡ ಪರಿಭಾಷೆಗಳನ್ನು ಬಳಸುತ್ತಾರೆ. ನಮ್ಮ ಭಾಷೆಯಲ್ಲಿ ಒಂದೇ ಮಾತು ಸಾಕು: ದಾಕ್ಷಿಣ್ಯ. ದಾಕ್ಷಿಣ್ಯವನ್ನು ಕುರಿತ ನಮ್ಮ ಗಾದೆಯೂ ಎಲ್ಲರಿಗೂ ಗೊತ್ತು. ಧರ್ಮಪತ್ರಿಕೆಯಲ್ಲಿ ಅಚ್ಚು ಹಾಕಿಸುವಂಥದಲ್ಲವಾದುದರಿಂದ ಬಿಡುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ದಿನದ ಕೂಟಕ್ಕೆ ಜನ ಸಾಲದೆಂದು ಸೊಸೆ ಚಿಂತಿಸುತ್ತಿದ್ದಳು. ‘ನನ್ನ ಹಳೆಯ ವಿದ್ಯಾರ್ಥಿನಿಯರು ಊರಲ್ಲೇ ಇದ್ದಾರಮ್ಮ, ಕರೆಯುತ್ತೇನೆ’ ಎಂದು ನಾನಾಗಿಯೇ ಹೇಳಿದೆ, ಅವಳು ಕೇಳಿರಲಿಲ್ಲ. ಮೂವರಿಗೆ ದೂರವಾಣಿ ಮಾಡಿದೆ. ‘ಮನೆಗೆ ಬಾಮ್ಮ, ಒಂದು ಚಿಕ್ಕ ಕಾರ್ಯಕ್ರಮವಿದೆ’ ಎಂದೆ. ಮಾರಾಟವೆಂದು ಹೇಳಲಿಲ್ಲ. ಏಕೆ ಹೇಳಲಿಲ್ಲ? ಹೇಳಿದರೆ ಬಾರದೇ ಹೋದಾರೆಂಬ ಅಂಜಿಕೆ. ಹೀಗೆ ಒಳಗೊಂದು ಲೆಕ್ಕವಿಟ್ಟುಕೊಂಡು ನುಡಿದ ಅರ್ಧಮಾತು ಸತ್ಯಾಣುವ್ರತಕ್ಕೆ ಎಷ್ಟು ಪೆಟ್ಟು ಕೊಟ್ಟಿತೆಂದು ಅಂದು ನನಗೆ ಹೊಳೆಯಲಿಲ್ಲ. ಮೂವರೂ ಬಂದರು. ಅವರಲ್ಲೊಬ್ಬಳು ಶಾಲೆಯ ಬಿಸಿಯೂಟದ ಅಡುಗೆಯವಳು; ಗಂಡನಿಲ್ಲ, ಹತ್ತನೆಯ ತರಗತಿಯ ಮಗನಿದ್ದಾನೆ. ಹಾಳೆ ಅವಳ ಕೈಗೆ ಬಂದಾಗ ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ನಕ್ಕೆ. ಅವಳು ಬರೆದಳು. 6,400 ರೂಪಾಯಿಯ ಜೋಡಣೆ, ನಾಲ್ಕು ಕಂತು. ಅವಳ ಒಂದು ತಿಂಗಳ ಗೌರವಧನಕ್ಕಿಂತ ಅದು ಹೆಚ್ಚು.

ಐದು ತಿಂಗಳ ಮೇಲೆ ಮಗನ ಓದಿನ ವಿಚಾರವಾಗಿ ಅವಳ ಮನೆಗೆ ಹೋಗುವ ಸಂದರ್ಭ ಬಂದಿತು. ಒಂದೇ ಕೋಣೆ. ಬೀರುವಿನ ಮೇಲೆ ಆ ಪಾತ್ರೆಗಳ ಪೆಟ್ಟಿಗೆ, ಅಂಟುಪಟ್ಟಿಯನ್ನೂ ಕಿತ್ತಿರಲಿಲ್ಲ. ಒಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆಯೇ ಇತ್ತು. ‘ಏಕಮ್ಮ, ತೆಗೆಯಲೇ ಇಲ್ಲವಲ್ಲ’ ಎಂದೆ. ‘ಒಳ್ಳೆ ಸಾಮಾನು ಸರ್, ಹಾಳಾಗಬಾರದು ಅಂತ ಇಟ್ಟಿದ್ದೀನಿ’ ಎಂದಳು. ಅವಳ ಮಗ ತಲೆ ತಗ್ಗಿಸಿದನು. ಆ ವರ್ಷ ಅವನಿಗೆ ಮನೆಪಾಠ ಹೇಳಿಸಬೇಕೆಂದಿದ್ದು, ಹಣ ಹೊಂದದೆ ಬಿಟ್ಟಿದ್ದರೆಂದು ಆಮೇಲೆ ಅವನ ಮಾತಿನಿಂದಲೇ ತಿಳಿಯಿತು.

ಈ ಪ್ರಸಂಗವನ್ನು ಶಾಸ್ತ್ರಜ್ಞರಾದ ನನ್ನೊಬ್ಬ ಮಿತ್ರರಲ್ಲಿ ಹೇಳಿಕೊಂಡೆ. ಅವರ ತರ್ಕ ಸ್ಪಷ್ಟವಾಗಿತ್ತು. ‘ಅವಳು ಪ್ರಾಪ್ತವಯಸ್ಕಳು. ತನ್ನ ಕೈಯಿಂದಲೇ ಬರೆದಳು, ತನ್ನ ಕೈಯಿಂದಲೇ ಹಣ ಕೊಟ್ಟಳು. ಹಣಕ್ಕೆ ತಕ್ಕ ವಸ್ತುವೂ ಅವಳಿಗೆ ಸಂದಿದೆ. ತೂಕದಲ್ಲಿ ಅಳತೆಯಲ್ಲಿ ಮೋಸವಿಲ್ಲ, ಒಳ್ಳೆಯದರಲ್ಲಿ ಕೆಟ್ಟದ್ದನ್ನು ಬೆರೆಸಿಲ್ಲ, ಕಳವಿನ ಮಾಲಲ್ಲ, ರಾಜಶಾಸನದ ಉಲ್ಲಂಘನೆಯಿಲ್ಲ. ಅಚೌರ್ಯದ ಐದು ಅತಿಚಾರಗಳಲ್ಲಿ ಒಂದೂ ಇಲ್ಲಿ ಹೊಂದುವುದಿಲ್ಲ. ನೀವು ವೃಥಾ ಕೊರಗುತ್ತಿದ್ದೀರಿ. ದಾಕ್ಷಿಣ್ಯದಿಂದ ಕೊಟ್ಟದ್ದೆಲ್ಲ ಅದತ್ತವೆಂದರೆ ಲೋಕದಲ್ಲಿ ಮದುವೆಯ ಮುಯ್ಯಿಯೂ ನಿಲ್ಲುವುದಿಲ್ಲ, ಬಸದಿಗೆ ಎತ್ತುವ ಚಂದಾವೂ ನಿಲ್ಲುವುದಿಲ್ಲ.’

ಕಡೆಯ ಮಾತು ನನ್ನನ್ನು ತಡೆದು ನಿಲ್ಲಿಸಿತು, ಏಕೆಂದರೆ ಅದು ನಿಜ. ನಾವು ಕೊಡುವುದರಲ್ಲಿ ಬಹುಪಾಲು ಶುದ್ಧ ಇಚ್ಛೆಯಿಂದಲ್ಲ. ಯಾರ ಮುಖವನ್ನೋ ನೋಡಿಯೇ ಕೊಡುತ್ತೇವೆ. ಮುಖ ನೋಡಿ ಕೊಡುವುದು ಮನುಷ್ಯಸಂಬಂಧದ ಒಂದು ಗುಣವೂ ಹೌದು. ಅದನ್ನೇ ಪಾಪವೆನ್ನುವವನು ಊರ ಹೊರಗೆ ಒಬ್ಬನೇ ಇರಬೇಕಾದೀತು. ಹಾಗಾದರೆ ದೋಷ ಎಲ್ಲಿದೆ?

ನನಗೆ ತೋರುವುದು ಹೀಗೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ‘ಪ್ರಮತ್ತಯೋಗ’ವೆಂಬ ವಿಶೇಷಣವನ್ನು ಸೇರಿಸಿದ್ದಾರೆ, ವ್ಯಾಖ್ಯಾನಕಾರರು ಅದನ್ನು ಸ್ತೇಯದವರೆಗೂ ತಂದು ಅನ್ವಯಿಸುತ್ತಾರೆ. ಕೊಡುವವನ ಮನಸ್ಸಿನ ಒಳಗನ್ನು ಅಳೆಯುವುದು ನಮ್ಮ ಶಕ್ತಿಗೆ ಮೀರಿದ್ದು. ತೆಗೆದುಕೊಳ್ಳುವವನ ಮನಸ್ಸಿನ ಎಚ್ಚರವನ್ನು ತೆಗೆದುಕೊಳ್ಳುವವನು ಅಳೆಯಬಲ್ಲ. ಮುಯ್ಯಿ ಮಾಡುವವರ ದಾಕ್ಷಿಣ್ಯವನ್ನು ನಾನು ಹುಟ್ಟಿಸಿರುವುದಿಲ್ಲ. ಅದು ನಾಳೆ ನನ್ನಿಂದ ಅವರಿಗೆ ಹಿಂದಿರುಗುವಂಥದು. ಬಸದಿಯ ಚಂದಾ ನನ್ನ ಜೇಬಿಗೆ ಬರುವುದಿಲ್ಲ. (ಅಲ್ಲಿಯೂ ನಾಲ್ಕು ಮಂದಿಯ ಮುಂದೆ ಮೊತ್ತವನ್ನು ಕೂಗಿ ಹೇಳಿಸುವ ರೂಢಿ ನನಗೆ ಸಮ್ಮತವಿಲ್ಲ, ಆ ಮಾತು ಬೇರೆ.) ಈ ಪ್ರಸಂಗದಲ್ಲಿ ಮಾತ್ರ ನಾನು ದಾಕ್ಷಿಣ್ಯವನ್ನು ಒಂದು ಸಾಧನವಾಗಿ ಕೈಯಲ್ಲಿ ಹಿಡಿದೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಅವಳಿಗೆ ಅಕ್ಷರ ಕಲಿಸಿದ್ದೆ. ಅದರ ವೇತನವನ್ನು ಸರಕಾರ ನನಗೆ ಅಂದೇ ಕೊಟ್ಟಿತ್ತು. ಅದೇ ವಿದ್ಯೆಯ ಋಣವನ್ನು ಮತ್ತೊಮ್ಮೆ 6,400 ರೂಪಾಯಿಗೆ ವಸೂಲು ಮಾಡಿದಂತಾಯಿತು. ಅವಳು ನನ್ನ ಕಡೆ ನೋಡಿದ ಆ ಒಂದು ಕ್ಷಣದಲ್ಲಿ ‘ಬೇಡವಾದರೆ ಬೇಡಮ್ಮ’ ಎಂಬ ಮಾತು ನನ್ನ ಬಾಯಲ್ಲಿ ಇರಬೇಕಾಗಿತ್ತು. ನಕ್ಕೆನಲ್ಲ, ಆ ನಗುವೇ ಪ್ರಮಾದ. ಅತಿಚಾರಗಳ ಐದೆಣಿಕೆಯಲ್ಲಿ ಇದರ ಹೆಸರಿಲ್ಲದಿರಬಹುದು. ಶಾಸ್ತ್ರಕಾರರು ತಕ್ಕಡಿಯ ಕಳ್ಳತನವನ್ನು ಹೆಸರಿಸಿದರು. ಮುಖದ ಕಳ್ಳತನವನ್ನು ನಮ್ಮ ವಿವೇಕಕ್ಕೆ ಬಿಟ್ಟಿರಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಇಂಥ ಸಂಸ್ಥೆಗಳಲ್ಲಿ ಸಲಹೆಗಾರ್ತಿಯು ತಾನು ಮಾರಿದ್ದಕ್ಕೆ ಮಾತ್ರವಲ್ಲದೆ, ತಾನು ಸೇರಿಸಿದವರು ಮಾರಿದ್ದಕ್ಕೂ ಒಂದು ಪಾಲನ್ನು ಪಡೆಯುವುದುಂಟು. ಕೃತ, ಕಾರಿತ, ಅನುಮತಗಳೆಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನಾಲ್ಕನೆಯ ಸಾಲಿನಲ್ಲಿರುವ ಯಾರೋ ಎಲ್ಲಿಯೋ ಒಬ್ಬ ಬಡವಿಯ ದಾಕ್ಷಿಣ್ಯವನ್ನು ಹಿಂಡಿದರೆ, ಅದರ ರೂಪಾಯಿಯಲ್ಲೊಂದು ಕಾಸು ಮೇಲಿನವರಿಗೆ ಬರುತ್ತದೆ. ಕಾಸು ಬರುವ ದಾರಿಯಲ್ಲಿಯೇ ಕಾರಿತದೋಷವೂ ಬರುವುದಿಲ್ಲವೆಂದು ಹೇಗೆ ನಂಬುವುದು? ಸರಕಿಗಿಂತ ಜನರನ್ನು ಸೇರಿಸುವುದೇ ಲಾಭದ ಮೂಲವಾದರೆ ಅದು ವ್ಯಾಪಾರವೇ ಅಲ್ಲ. ನಮ್ಮ ದೇಶದಲ್ಲಿ ಹಣ ಚಲಾವಣೆಯ ಅಂಥ ಯೋಜನೆಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. 2021ರ ಡಿಸೆಂಬರಿನಲ್ಲಿ ಹೊರಟ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳೂ ಪಿರಮಿಡ್ ಯೋಜನೆಗಳನ್ನು ಸ್ಪಷ್ಟವಾಗಿ ತಡೆದಿವೆ. ಸೇರುವುದಕ್ಕೇ ಶುಲ್ಕ ಕೇಳಿದರೆ, ಮಾರುವುದಕ್ಕೆ ಮೊದಲು ನೀವೇ ಇಷ್ಟು ಕೊಳ್ಳಲೇಬೇಕೆಂದರೆ, ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಆ ನಿಯಮಗಳನ್ನು ತರಿಸಿ ಓದಿದಾಗ ನಾನು ಬೆರಗಾದೆ. (ಈ ವಿಸ್ಮಯ ಅತಿಚಾರವಾಗಲಾರದೆಂದು ಭಾವಿಸುತ್ತೇನೆ.) ಮಾರುವವನು ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕನ ಮನೆಗೆ ಹೋಗಕೂಡದು, ಮಾತಿನ ಆರಂಭದಲ್ಲಿಯೇ ತಾನು ಯಾರು, ಯಾವ ಸಂಸ್ಥೆಯವನು, ಏನನ್ನು ಮಾರಲು ಬಂದಿದ್ದೇನೆ ಎಂಬುದನ್ನು ಸತ್ಯವಾಗಿ ಸ್ಪಷ್ಟವಾಗಿ ತಿಳಿಸಬೇಕು. ವ್ರತವನ್ನು ಸ್ವೀಕರಿಸದ ಸರಕಾರವು ಕೇಳುವಷ್ಟು ಸತ್ಯವನ್ನು ವ್ರತವನ್ನು ಸ್ವೀಕರಿಸಿದ ನಾನು ದೂರವಾಣಿಯಲ್ಲಿ ಹೇಳಿರಲಿಲ್ಲ. ಅಮೆರಿಕೆಯಲ್ಲಿ 1974ರಿಂದ ಒಂದು ನಿಯಮವಿದೆ: ಮನೆಯಲ್ಲಿ ನಡೆದ ಮಾರಾಟವನ್ನು, ಬೆಲೆ ಇಷ್ಟಕ್ಕೆ ಮೀರಿದ್ದರೆ, ಕೊಂಡವನು ಮೂರನೆಯ ವ್ಯವಹಾರದಿನದ ನಡುರಾತ್ರಿಯವರೆಗೆ ಕಾರಣ ಹೇಳದೆಯೇ ರದ್ದು ಮಾಡಬಹುದು. ಮನೆಯೊಳಗೆ ಕುಳಿತಾಗ ಮನುಷ್ಯನಿಗೆ ‘ಒಲ್ಲೆ’ ಎನ್ನುವ ಶಕ್ತಿ ಕುಗ್ಗುತ್ತದೆಂದೂ, ಒಂಟಿಯಾಗಿ ಎರಡು ದಿನ ಕಳೆದರೆ ಅದು ಮರಳುತ್ತದೆಂದೂ ಆ ಶಾಸನಕಾರರು ಬಲ್ಲವರಾಗಿದ್ದರು.

‘ಸಲಹೆಗಾರ್ತಿ’ ಎಂಬ ಹೆಸರನ್ನು ಕುರಿತೂ ಯೋಚಿಸಬೇಕಾದುದಿದೆ. ವೈದ್ಯನು ಕೆಲವೊಮ್ಮೆ ‘ಔಷಧಿ ಬೇಡ, ಉಪವಾಸ ಮಾಡು’ ಎನ್ನುತ್ತಾನೆ. ಆದುದರಿಂದಲೇ ಅವನ ಮಾತು ಸಲಹೆ. ಏನು ಕೇಳಿದರೂ ‘ಕೊಳ್ಳಿ’ ಎಂಬಲ್ಲಿಯೇ ಮುಗಿಯುವ ಮಾತಿಗೆ ಆ ಹೆಸರು ಸಲ್ಲುವುದು ಹೇಗೆ? ಇದನ್ನು ಸೊಸೆಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ‘ಮಾವ, ಹೋದ ತಿಂಗಳು ಇಬ್ಬರಿಗೆ ನಿಮ್ಮ ಮನೆಯಲ್ಲಿರುವ ಪಾತ್ರೆಯೇ ಸಾಕು ಅಂತ ಹೇಳಿ ಕಳಿಸಿದೀನಿ. ಅವರೇ ಈಗ ಬೇರೆಯವರನ್ನ ಕರ್ಕೊಂಡು ಬರ್ತಾರೆ’ ಎಂದಳು. ಅದೂ ಒಂದು ಜಾಣತನವೋ ನಿಜವಾದ ಋಜುತ್ವವೋ ನಾನರಿಯೆ, ಎರಡೂ ಇದ್ದೀತು. ಅದೇ ಸಂಸ್ಥೆ ಪೌಷ್ಟಿಕ ಗುಳಿಗೆಗಳನ್ನೂ ಮಾರುತ್ತದೆ. ಗುಳಿಗೆಯ ಮೇಲಿನ ಮೆದು ಕವಚ ಜೆಲಟಿನ್ನಿನದು, ಎಂದರೆ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದದ್ದು. ಮುಖಕ್ಕೆ ಹಚ್ಚುವ ಲೇಪವೊಂದರಲ್ಲಿ ಜೇನು. ಇವೆರಡನ್ನೂ ಅವಳು ಮೊದಲ ತಿಂಗಳೇ ಪಟ್ಟಿಯಿಂದ ಹೊಡೆದುಹಾಕಿದ್ದಳು. ಯಾರಿಗೂ, ನಮ್ಮವರಲ್ಲದವರಿಗೂ, ಮಾರುವುದಿಲ್ಲ. ಅಲ್ಲಿ ನಾನು ಅವಳಿಗೆ ಹೇಳಿಕೊಡಬೇಕಾದುದೇನೂ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣನಾಗಿಯೇ ಇದ್ದೇನೆ. ಕಳೆದ ಭಾದ್ರಪದದಲ್ಲಿ ಪರಿಚಿತರ ಮನೆಯಲ್ಲಿ ಅನಂತನ ನೋಂಪಿಯ ಉದ್ಯಾಪನೆ ನಡೆಯಿತು. ಪೂಜೆ ಮುಗಿದು, ಉಪವಾಸವಿದ್ದ ಶ್ರಾವಿಕೆಯರು ಇನ್ನೂ ಕುಳಿತಿರುವಾಗಲೇ, ಬೇರೊಂದು ಸಂಸ್ಥೆಯ ಸಲಹೆಗಾರ್ತಿಯೊಬ್ಬರು ಬೆಲೆಪಟ್ಟಿಗಳನ್ನು ಹಂಚಲಾರಂಭಿಸಿದರು. ಎಲ್ಲರೂ ತೆಗೆದುಕೊಂಡರು, ಆ ಸ್ಥಳದಲ್ಲಿ ಬೇಡವೆನ್ನುವವರಾರು? ನಡುಮನೆಯನ್ನು ಎರಡು ಗಂಟೆ ಅಂಗಡಿ ಮಾಡಿದರೆ ಸಂಜೆಗೆ ಅದು ಮತ್ತೆ ನಡುಮನೆಯಾಗುತ್ತದೆ. ನೋಂಪಿಯ ಮನೆಯನ್ನು ಅಂಗಡಿ ಮಾಡಿದರೆ ಮುಂದಿನ ನೋಂಪಿಗೆ ಬರುವವರು ಕೈಚೀಲವನ್ನು ಮುಟ್ಟಿ ನೋಡಿಕೊಂಡು ಬರುತ್ತಾರೆ.

ಬಿಸಿಯೂಟದ ಆ ಹೆಣ್ಣುಮಗಳ ವಿಷಯವನ್ನು ಹೇಳಿ ಮುಗಿಸಬೇಕು. ಎರಡನೆಯ ಸಲ ಅವಳ ಮನೆಗೆ ಹೋದಾಗ ಹಣವನ್ನು ಲಕೋಟೆಯಲ್ಲಿಟ್ಟು ಒಯ್ದಿದ್ದೆ. ‘ಪೆಟ್ಟಿಗೆ ಒಡೆದಿಲ್ಲವಮ್ಮ, ವಾಪಸು ಕೊಡು, ನನ್ನ ಸೊಸೆಗೆ ಬೇಕಾಗಿದೆ’ ಎಂದೆ. ಮತ್ತೊಂದು ಅರ್ಧಸತ್ಯ! ಅವಳಿಗೆ ತಟ್ಟನೆ ಅರ್ಥವಾಯಿತು. ನಾನು ಕಲಿಸಿದ ಮಕ್ಕಳಲ್ಲಿ ಅವಳೇ ಚುರುಕು. ‘ನಾನು ಇಷ್ಟಪಟ್ಟೇ ತಗೊಂಡಿದ್ದು ಸರ್. ನಿಮ್ಮ ಮನೆಗೆ ನನ್ನನ್ನೂ ಕರೆದ್ರಿ, ಎಲ್ಲರ ಜೊತೆ ಕೂರಿಸಿ ಊಟ ಹಾಕಿದ್ರಿ. ವಾಪಸ್ ಕೊಡು ಅನ್ನಬೇಡಿ’ ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. ದತ್ತವೋ ಅದತ್ತವೋ ಎಂದು ತರ್ಕಿಸುತ್ತಿದ್ದ ನಾನು ಲಕೋಟೆಯನ್ನು ಜೇಬಿಗೆ ಹಾಕಿಕೊಂಡೆ. ಬಲವಂತವಾಗಿ ಹಿಂದಿರುಗಿಸಿದ್ದರೆ ಅವಳು ನಿಜವಾಗಿ ಕೊಟ್ಟಿದ್ದುದನ್ನೂ, ಆ ಮಧ್ಯಾಹ್ನದ ಅವಳ ಸಂತೋಷವನ್ನೂ ಕಿತ್ತುಕೊಂಡಂತಾಗುತ್ತಿತ್ತು. ಅವಳ ಮಗ ಈಗ ವಾರಕ್ಕೆ ಮೂರು ಸಂಜೆ ನಮ್ಮ ಮನೆಗೆ ಗಣಿತಕ್ಕೆ ಬರುತ್ತಾನೆ. ಅದನ್ನು ಪ್ರಾಯಶ್ಚಿತ್ತವೆಂದು ಕರೆಯಲು ನಾಚಿಕೆಯಾಗುತ್ತದೆ. ನನಗೆ ಹೊತ್ತು ಹೋಗುತ್ತದೆ, ಹುಡುಗ ಬುದ್ಧಿವಂತ.

ಸೊಸೆಯು ತನ್ನ ಕೂಟಗಳಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡಿದ್ದಾಳೆ. ಕರೆಯುವಾಗಲೇ ‘ಪಾತ್ರೆ ಮಾರಾಟವಿದೆ, ಕೊಳ್ಳದವರೂ ಊಟಕ್ಕೆ ಬನ್ನಿ’ ಎಂದು ಬರೆಯುತ್ತಾಳೆ. ಹಾಳೆಯನ್ನು ಅಂದು ಹರಿಸುವುದಿಲ್ಲ. ಬೇಕಾದವರು ಮೂರು ದಿನಗಳ ಮೇಲೆ ತಾವಾಗಿ ತಿಳಿಸಬೇಕು. ದಶಲಕ್ಷಣ ಪರ್ವದ ಹತ್ತು ದಿನ ಕೂಟವಿಲ್ಲ. ನಾನು ಯಾರಿಗೂ ದೂರವಾಣಿ ಮಾಡುವುದಿಲ್ಲ. ಮಾರಾಟ ಮೂರನೆಯ ಒಂದು ಪಾಲು ಇಳಿದಿದೆ. ‘ವ್ರತ ನಿಮ್ಮದು ಮಾವ, ನಷ್ಟ ನನ್ನದು’ ಎಂದು ಮೊನ್ನೆ ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟು ನಕ್ಕಳು. ಮುಂದಿನ ಶನಿವಾರ ಮತ್ತೊಂದು ಕೂಟವಿದೆ. ಬಾಗಿಲ ಬಳಿಯ ಕುರ್ಚಿಯನ್ನು ನನಗಾಗಿ ತೆಗೆದಿಡಲು ಹೇಳಿದ್ದೇನೆ.